ಅರ್ತ್ ಗುಂಡಿಗೆ ಹೊಯ್ದ ನೀರು

ಹಸು ನೀರು ಕುಡಿಯುತ್ತಿಲ್ಲ ಎಂದು ಕರೆಂಟಿನವನನ್ನು ಕರೆಯಲು ಬಂದ ಗಿರಾಕಿಯನ್ನು ನನ್ನ ವ್ಯಾಪಾರದಲ್ಲಿ ಒಬ್ಬನನ್ನೇ ಕಂಡಿದ್ದೇನೆ. ಆತ ನನ್ನ ಅಕ್ಕನ ಗಂಡ.

ತೊಂಬತ್ತೆಂಟರ ಬೇಸಿಗೆ. ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಏಲಕ್ಕಿ ಮಂಡಿಗಳ ಸಾಲು ಮುಗಿಯುವ ಕಡೆ ನನ್ನ ಎಲೆಕ್ಟ್ರಿಕಲ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಕೋಣೆಯಲ್ಲಿ ನಾನೊಬ್ಬನೇ. ಹಗಲೆಲ್ಲ ಮಂಡಿಯವರ ಜೊತೆ ತಮಿಳು, ಘಟ್ಟ ಇಳಿದು ಬರುವ ಎಸ್ಟೇಟಿನವರ ಜೊತೆ ಮಲಯಾಳ. ನಮ್ಮ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ನಮ್ಮವರು ಈ ಕಣಿವೆಗೆ ಹೊತ್ತುತಂದದ್ದು. ಅಕ್ಷರವನ್ನು ನಾನು ದೊಡ್ಡವನಾದ ಮೇಲೆ, ಸರಕು ತರಲು ಬೆಂಗಳೂರಿಗೆ ಓಡಾಡುತ್ತ, ಅಂಗಡಿಗಳ ಬೋರ್ಡು ನೋಡಿ ಕಲಿತೆ. ಆದರೆ ಆಡುವುದಕ್ಕೆ ನನ್ನ ಸುತ್ತ ಯಾರೂ ಇರಲಿಲ್ಲ. ಕೈಗೆ ಷಾಕ್ ಹೊಡೆದಾಗ ಬಾಯಿಂದ ಬೀಳುವ ಬೈಗುಳ ಮಾತ್ರ ಕನ್ನಡದ್ದು. ಅದನ್ನು ಕೇಳಿ ಪಕ್ಕದ ಟೀ ಅಂಗಡಿಯವನು ನಗುತ್ತಿದ್ದ.

ಹೀಗೆ ಒಂಟಿಯಾದದ್ದು ನನ್ನದೇ ಜಾಣತನದಿಂದ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಹಕ್ಕೂ ಹೌದು, ಜವಾಬ್ದಾರಿಯೂ ಹೌದು. ಹುಡುಗಿ ದೊಡ್ಡವಳಾದಾಗ ಅಕ್ಕ ಬಂದು ಬಾಯಿಬಿಟ್ಟು ಕೇಳಿದಳು. "ಎರಡು ವರ್ಷ ತಡೆ ಅಕ್ಕ, ಅಂಗಡಿ ನಿಲ್ಲಲಿ" ಅಂದೆ. ಮೊದಲು ಬಂದ ಮಾತಿಗೆ ಹೂಂ ಅನ್ನಬಾರದು ಎಂಬುದು ವ್ಯಾಪಾರ ನನಗೆ ಕಲಿಸಿದ ಪಾಠ. ಅದನ್ನು ಅಕ್ಕನ ಮೇಲೂ ಪ್ರಯೋಗಿಸಿದೆ. ಅವಳು ತಡೆಯಲಿಲ್ಲ. ದಿಂಡಿಗಲ್ಲಿನ ನಮ್ಮವರದೇ ಒಂದು ಮನೆಗೆ ಮಗಳನ್ನು ಕೊಟ್ಟಳು. ನನಗೆ ಸಿಟ್ಟು ಬಂತು. ಮದುವೆಯಲ್ಲಿ ಸೋದರಮಾವ ತಟ್ಟೆಯಲ್ಲಿಟ್ಟು ತರಬೇಕಾದ ಸೀರೆಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಸೀರೆ ಹೋಗಿ ಸೇರಿತು, ಸೋದರಮಾವ ಸೇರಲಿಲ್ಲ. ಆಮೇಲೆ ನಾಲ್ಕು ವರ್ಷ ಆ ಮನೆಯಿಂದ ಒಂದು ಮಾತಿಲ್ಲ. ನೀವು ಯಾರ ಜೊತೆ ಬೇಕಾದರೂ ಚೌಕಾಸಿ ಮಾಡಿ, ಒಡಹುಟ್ಟಿದವರ ಜೊತೆ ಮಾಡಬೇಡಿ. ಅಲ್ಲಿ ಗೆದ್ದರೂ ನಷ್ಟವೇ.

ಅಂಥ ಬಾವ ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದರು. ಹಿಂದೆಲ್ಲ ನನ್ನನ್ನು "ಮಚ್ಚಾನ್" ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದವರು. ಹೆಂಡತಿಯ ತಮ್ಮನನ್ನು ಸಲುಗೆಯಿಂದ ಕರೆಯುವ ತಮಿಳು ಮಾತು ಅದು. ಈಗ, "ಕಡೆಕಾರ್ರೆ, ಒಂದ್ ಕೆಲ್ಸ ಐತೆ" ಅಂದರು. ಕಡೆಕಾರ್ರೆ ಅಂದರೆ ಅಂಗಡಿಯವರೇ. ಗುರುತಿಲ್ಲದವನನ್ನು ಕರೆಯುವ ಹಾಗೆ.

"ಮನೇಲಿ ಏನಾಗೈತೆ ಬಾವ?"

"ಮನೇಗಲ್ಲ, ಹಸೂಗೆ. ತೊಟ್ಟಿಗೆ ಬಾಯಿ ಇಟ್ರೆ ಬೆಂಕಿ ಮುಟ್ದಂಗೆ ಹಿಂದಕ್ಕೆ ಹಾರ್ತದೆ. ಬಕೆಟ್ಟಲ್ಲಿ ಕೊಟ್ರೆ ಕುಡೀತದೆ."

"ಅದಕ್ಕೆ ದನದಾಸ್ಪತ್ರೆ ಡಾಕ್ಟ್ರಿಲ್ವಾ?"

"ಅವ್ರೂ ಬಂದು ಸೂಜಿ ಹಾಕಿ ಹೋದ್ರು. ನಮ್ಮೂರ ವಯರ್‌ಮ್ಯಾನ್ ಬಂದು ಟೆಸ್ಟರ್ ಇಟ್ಟು, ಒಂದೂ ಇಲ್ಲೆ ಅಂದ. ನಿಮ್ಮ ಅಕ್ಕ ಸಾಮಿ ಕುತ್ತಂ ಅಂತಾಳೆ."

ಸಾಮಿ ಕುತ್ತಂ ಅಂದರೆ ದೇವರಿಗೆ ತಪ್ಪಿ ನಡೆದುದಕ್ಕೆ ಬಂದ ಮುನಿಸು. ನಮ್ಮ ಜನ ದೇವರ ಹೆಸರಿನಲ್ಲಿ ಒಂದು ದನದ ಹಿಂಡು ಸಾಕುತ್ತಾರೆ. ಅದರ ಹಾಲನ್ನು ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಹುಟ್ಟಿದ ಕರುವನ್ನು ಹರಕೆ ಹೊತ್ತು ಅಲ್ಲಿಗೆ ಬಿಡುತ್ತಾರೆ. ಈ ಹಸುವಿನ ಚೊಚ್ಚಲ ಕರುವನ್ನು ಬಿಡುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ಮಗಳು ಬಸುರಾಗಿ ಹೆರಿಗೆಗೆ ಬರುವವಳು, ಮನೆಯಲ್ಲಿ ಹಾಲಿರಲಿ, ಕರು ಇಲ್ಲದಿದ್ದರೆ ಹಸು ಸೊರೆ ಬಿಡುವುದಿಲ್ಲ ಎಂದು ಮುಂದಕ್ಕೆ ಹಾಕಿದ್ದಳು. ತಪ್ಪಿನ ದಂಡವಾಗಿ ಈಗ ಹಸುವನ್ನೇ ಹಿಂಡಿಗೆ ಬಿಡುವುದೆಂದು, ಬರುವ ಅಮಾವಾಸ್ಯೆಗೆ ಮುಹೂರ್ತ ಮಾಡಿದ್ದಳಂತೆ. ಮಗಳು ಗಂಡನ ಮನೆಗೆ ಹೋದ ಮೇಲೆ ದಿನವಿಡೀ ಅವಳು ಮಾತಾಡುವುದು ಆ ಹಸುವಿನ ಜೊತೆಯೇ ಎಂದು ಬಾವ ಹೇಳಿದರು.

"ಮೊನ್ನೆ ಚಪ್ಲಿ ಬಿಟ್ಟು ತೊಟ್ಟಿ ನಲ್ಲೀಲಿ ಕೈ ತೊಳ್ದೆ. ಕೈಯೊಳ್ಗೆ ಇರುವೆ ಸಾಲು ಓಡ್ದಂಗಾಯ್ತು. ಸಾಮಿಗೆ ನನ್ ಮ್ಯಾಲೇನು ಕೋಪ, ನಾನೇನು ಹರಕೆ ಹೊತ್ತಿದ್ನಾ? ಬಂದು ನೋಡಿ. ಕೂಲಿ ಮೊದ್ಲೇ ಹೇಳ್ಬಿಡಿ."

ಬೆಲೆ ಹೇಳಲು ಬಾಯಿ ಬಾರದಿದ್ದದ್ದು ನನಗೆ ಅದೇ ಮೊದಲು. "ಅಕ್ಕ ಹೇಳಿ ಕಳ್ಸಿದ್ಲಾ?" ಎಂದು ಕೇಳಿದೆ.

"ಅವ್ಳಿಗೆ ತಿಳೀದು" ಅಂದರು.

ಮಾರನೆಯ ದಿನ ಶುಕ್ರವಾರ. ಬೆಳಗಿನ ಬಸ್ಸಿಗೆ ಅಕ್ಕನ ಊರು ಹನುಮಂತನಪಟ್ಟಿಗೆ ಹೋದೆ. ದ್ರಾಕ್ಷಿ ಚಪ್ಪರಗಳ ನಡುವಿನ ದಾರಿಯಲ್ಲಿ ನಡೆಯುತ್ತ, ಅಕ್ಕ ಏನು ಅನ್ನಬಹುದು, ನಾನು ಏನು ತಿರುಗಿ ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಬೈದರೆ ಇದು, ಅತ್ತರೆ ಅದು ಎಂದು ಎರಡಕ್ಕೂ ಉತ್ತರ ಸಿದ್ಧವಿತ್ತು. ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಬಾಗಿಲಿಗೆ ಬಂದು, "ವಾಂಗ" ಅಂದಳು. ತಮಿಳಿನಲ್ಲಿ, ಬಹುವಚನದಲ್ಲಿ, 'ಬನ್ನಿ' ಎಂದು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಜಗುಲಿಯ ಮೇಲೆ ಚಾಪೆ ಹಾಸಿ, ಕಾಪಿ ಇಟ್ಟು, ಒಳಗೆ ಹೋದಳು. ಕೆಲಸದವರಿಗೆ ಮಾಡುವ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಮನೆಗೆ ರಿಪೇರಿಗೆ ಹೋದರೂ ಚೀಲ ಬಿಚ್ಚುವ ಮೊದಲು ಬಾಯಿ ಬಿಚ್ಚಿ. ಯಾವಾಗಿನಿಂದ, ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಮನೆಗೆ ಹೊಸದೇನು ಬಂತು: ಈ ಮೂರನ್ನು ಕೇಳಿದರೆ ಅರ್ಧ ಕೆಲಸ ಮುಗಿಯಿತು. ತಾವು ಏನನ್ನು ಕಂಡಿದ್ದೇವೆಂದು ಮನೆಯವರಿಗೆ ಗೊತ್ತಿರುವುದಿಲ್ಲ, ಕಂಡಿರುವುದಂತೂ ನಿಜ.

ಅಕ್ಕ ಬಾಗಿಲ ಮರೆಯಲ್ಲಿ ನಿಂತು ತಮಿಳಿನಲ್ಲೇ ಉತ್ತರ ಕೊಟ್ಟಳು. ತೊಂದರೆ ಶುರುವಾಗಿ ಒಂದು ತಿಂಗಳು. ಹಸು ಬೆಳಿಗ್ಗೆಯೂ ಮುಟ್ಟುವುದಿಲ್ಲ, ಸಂಜೆಯೂ ಮುಟ್ಟುವುದಿಲ್ಲ. ನಡುಹಗಲು ಒಂದು ಹೊತ್ತು ಮಾತ್ರ ತೊಟ್ಟಿಯಲ್ಲಿ ಹೊಟ್ಟೆ ತುಂಬ ಕುಡಿಯುತ್ತದೆ. "ಉಚ್ಚಿ ಪೂಜೆಯ ಹೊತ್ತು" ಅಂದಳು. ಗುಡಿಯಲ್ಲಿ ಮಧ್ಯಾಹ್ನದ ಪೂಜೆ ಆಗುವಾಗ ಸ್ವಾಮಿ ಮನಸ್ಸು ಕರಗಿ, ಬಾಯಿಲ್ಲದ ಜೀವಕ್ಕೆ ನೀರು ಬಿಡುತ್ತಾನೆ ಎಂದು ಅವಳ ನಂಬಿಕೆ. ಊರವರೂ ಬಂದು ನೋಡಿ ಕೈಮುಗಿದು ಹೋಗಿದ್ದರು.

ನಾನು ಜಗುಲಿಯಲ್ಲೇ ಕೂತೆ. ಕೊಟ್ಟಿಗೆ ಎದುರಿಗೇ ಕಾಣುತ್ತಿತ್ತು. ಕಪ್ಪು ಮೂತಿಯ ಬಿಳಿ ಹಸು ಎರಡು ಸಲ ತೊಟ್ಟಿಯ ಹತ್ತಿರ ಬಂದು, ಮೂಗು ತಾಕಿಸಿ, ತಲೆ ಕೊಡವಿ ಹಿಂದೆ ಸರಿಯಿತು. ಹನ್ನೆರಡರ ಸುಮಾರಿಗೆ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಆ ಬೇಸಿಗೆಯಲ್ಲಿ ದಿನಾ ಆ ಹೊತ್ತಿಗೆ ನಮ್ಮ ಕಡೆ ಕರೆಂಟ್ ತೆಗೆಯುತ್ತಿದ್ದರು. ಫ್ಯಾನು ನಿಂತು ಸ್ವಲ್ಪ ಹೊತ್ತಿಗೆ ಹಸು ಮತ್ತೆ ಬಂತು, ಮೂಗಿಟ್ಟಿತು, ಸೊರ್‌ ಸೊರ್ ಎಂದು ಕುಡಿಯತೊಡಗಿತು. ಒಳಗಿನಿಂದ ಅಕ್ಕ ಓಡಿಬಂದು ಕೈಮುಗಿದಳು. ಅವಳು ಹಸುವನ್ನು ನೋಡಿದಳು, ನಾನು ಫ್ಯಾನು ನೋಡಿದೆ.

ಕರೆಂಟ್ ಬಂದ ಮೇಲೆ ಮೀಟರ್ ತೆಗೆದೆ. ಒದ್ದೆ ನೆಲಕ್ಕೆ ಒಂದು ಉದ್ದ ಮೊಳೆ ಬಡಿದು ಒಂದು ವಯರು ಅದಕ್ಕೆ, ಇನ್ನೊಂದು ನಲ್ಲಿಗೆ. ಮುಳ್ಳು ಎದ್ದು ಮೂವತ್ತರ ಹತ್ತಿರ ನಿಂತಿತು. ಚಪ್ಪಲಿ ಹಾಕಿದ ಮನುಷ್ಯನಿಗೆ ಇದು ಗೊತ್ತೇ ಆಗುವುದಿಲ್ಲ. ಗಂಜಲದಲ್ಲಿ ನಾಲ್ಕು ಕಾಲು ಊರಿ, ಒದ್ದೆ ಮೂಗು ಇಡುವ ದನಕ್ಕೆ ಇದರ ಕಾಲುಭಾಗ ಸಾಕು. ವಯರ್‌ಮ್ಯಾನ್ ರಬ್ಬರ್ ಚಪ್ಪಲಿ ಹಾಕಿಕೊಂಡು ಸುಡುಬಿಸಿಲಲ್ಲಿ ಟೆಸ್ಟರ್ ಇಟ್ಟರೆ ಅದರ ದೀಪ ಎಲ್ಲಿ ಕಾಣಬೇಕು? ಟೆಸ್ಟರ್ ಬೆಳಗಲಿಲ್ಲ ಅಂದರೆ ಕರೆಂಟಿಲ್ಲ ಎಂದು ತಿಳಿಯಬೇಡಿ. ಅದು ಬೆಳಗಿದರೆ ನಂಬಿ, ಬೆಳಗದಿದ್ದರೆ ನಂಬಬೇಡಿ.

ಮನೆಯೊಳಗೆ ಬಾವ ಒಂದೊಂದೇ ಪ್ಲಗ್ ಕೀಳುತ್ತ ಹೋದರು, ನಾನು ಕೊಟ್ಟಿಗೆಯಲ್ಲಿ ಮುಳ್ಳು ನೋಡುತ್ತ ಕೂಗುತ್ತಿದ್ದೆ. ಗ್ರೈಂಡರ್, ಮಿಕ್ಸಿ, ಟಿ.ವಿ. ಯಾವುದಕ್ಕೂ ಅಲುಗಲಿಲ್ಲ. ಫ್ರಿಜ್ಜಿನ ಪ್ಲಗ್ ಕಿತ್ತಾಗ ಮುಳ್ಳು ಸೊನ್ನೆಗೆ ಬಿತ್ತು. ಎಸ್ಟೇಟ್ ಬಂಗಲೆಯೊಂದರಿಂದ ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು, ಮಗಳ ಬಾಣಂತನಕ್ಕೆ ಹಾಲು ಮೊಸರು ಕೆಡದಿರಲಿ ಎಂದು, ಹೋದ ತಿಂಗಳು ತಂದದ್ದಂತೆ. ಹಾಲಿಗೆಂದು ತಂದ ಪೆಟ್ಟಿಗೆ ಹಾಲು ಕೊಡುವ ಹಸುವನ್ನೇ ಹೆದರಿಸಿತ್ತು. ಪೆಟ್ಟಿಗೆಯ ಹಿಂಬದಿಯಲ್ಲಿ ಮೋಟರಿಗೆ ಹೋಗುವ ಒಂದು ವಯರಿನ ಮೈ ಸವೆದು ತಗಡಿಗೆ ತಾಕುತ್ತಿತ್ತು. ಎರಡು ಗಳಿಗೆಯ ಕೆಲಸ, ಮಾಡಿ ಮುಗಿಸಿದೆ.

ಇಷ್ಟಕ್ಕೆ ನಿಲ್ಲಿಸಿ ಊಟ ಮಾಡಿ ಬಸ್ಸು ಹಿಡಿಯಬಹುದಿತ್ತು. ಆದರೆ ಫ್ರಿಜ್ಜಿನ ಕರೆಂಟು ತೊಟ್ಟಿಯ ನಲ್ಲಿಗೆ ಹೇಗೆ ಹೋಯಿತು? ಇದನ್ನು ಯಾರೂ ಕೇಳಲಿಲ್ಲ. ನನಗೆ ಮೀಟರಿನ ಮುಳ್ಳು ಎದ್ದಾಗಲೇ ಗೊತ್ತಿತ್ತು.

ಆ ಮನೆಗೆ ವಯರಿಂಗ್ ಮಾಡಿದವನು ನಾನು. ಎಂಬತ್ತಾರರಲ್ಲಿ, ನನ್ನ ಮೊದಲ ಕಾಂಟ್ರಾಕ್ಟ್. ಅಕ್ಕ ಗಂಡನ ಬೆನ್ನು ಬಿದ್ದು ಕೊಡಿಸಿದ್ದು. ಮನೆಯ ವಯರಿಂಗಿಗೆ ಅರ್ತ್ ಅಂತ ಒಂದು ದಾರಿ ಇರಬೇಕು. ಎಲ್ಲಾದರೂ ಕರೆಂಟು ಸೋರಿದರೆ ಅದು ನೇರ ಭೂಮಿಗೆ ಇಳಿಯಲಿ ಎಂದು ಆಳುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ತಾಮ್ರದ ಹಲಗೆ ಹೂಳುತ್ತೇವೆ. ನಾನು ಅಂದು ಗುಂಡಿ ತೋಡಲಿಲ್ಲ. ಬಾವ ಜಗ್ಗಿ ಜಗ್ಗಿ ಬೆಲೆ ಇಳಿಸಿದ್ದರು, ನಾನು ಕಣ್ಣಿಗೆ ಕಾಣದ ಕಡೆ ಉಳಿಸಿಕೊಂಡೆ. ಅರ್ತ್ ವಯರನ್ನು ಕೊಟ್ಟಿಗೆಯ ಗೋಡೆಯೊಳಗಿನ ಕಬ್ಬಿಣದ ನೀರಿನ ಪೈಪಿಗೆ ಬಿಗಿದು ಸಿಮೆಂಟು ಮೆತ್ತಿದೆ. ಆ ಪೈಪು ಮಣ್ಣಿನೊಳಗೆ ಬಾವಿಯವರೆಗೂ ಹೋಗುತ್ತಿದ್ದುದರಿಂದ ಹೇಗೋ ನಡೆಯಿತು. ಎರಡು ವರ್ಷದ ಹಿಂದೆ ಬಾವ ನೆಲದೊಳಗಿನ ಪೈಪು ತುಕ್ಕು ಹಿಡಿಯಿತೆಂದು ಕಿತ್ತು ಪ್ಲಾಸ್ಟಿಕ್ ಹಾಕಿಸಿದ್ದರು. ಅಲ್ಲಿಗೆ ಭೂಮಿಯ ದಾರಿ ಮುಚ್ಚಿತು. ಸೋರಿದ ಕರೆಂಟಿಗೆ ಗೋಡೆಯೊಳಗೆ ಉಳಿದ ಕಬ್ಬಿಣದ ಪೈಪಿನಿಂದ ಇಳಿಯಲು ತೊಟ್ಟಿಯ ನಲ್ಲಿಯೊಂದೇ ದಾರಿ.

ಗೋಡೆಯ ಸಿಮೆಂಟು ಒಡೆದು ಆ ವಯರು ಕತ್ತರಿಸುತ್ತಿದ್ದೆ. ಅಕ್ಕ ಒಂದು ಕೊಡ ನೀರು ಹೊತ್ತು ಹಿತ್ತಲಿಗೆ ಹೋದದ್ದು ಕಾಣಿಸಿತು. ನುಗ್ಗೆಮರದ ಬುಡಕ್ಕೆ ನಾಲ್ಕಡಿ ಈಚೆ, ಗೋಡೆಯ ಮೂಲೆಯಲ್ಲಿ, ಬಗ್ಗಿ ನಿಧಾನವಾಗಿ ಸುರಿದಳು. ಮರಕ್ಕಲ್ಲ. ಬರಿ ನೆಲಕ್ಕೆ. ಅಲ್ಲಿ ಒಂದು ತಟ್ಟೆಯಗಲ ಮಣ್ಣು ಪಾಚಿಗಟ್ಟಿತ್ತು.

"ಅದೇನು ಬಾವ?" ಅಂದೆ.

"ನೀವೇ ಹೇಳಿದ್ದಲ್ವಾ ಕಡೆಕಾರ್ರೆ? ಅರ್ತ್ ಗುಂಡಿ ಒಣಗಬಾರ್ದು, ವಾರಕ್ಕೊಂದ್ ಕೊಡ ನೀರು ಹಾಕು ಅಂತ. ಒಂದ್ ಶುಕ್ರವಾರ ತಪ್ಪಿಸಿಲ್ಲೆ. ಮಗಳ ಮದುವೆ ದಿನಾನೂ ಹೊಯ್ದಾಳೆ."

ಹೇಳಿದ್ದೆ. ಗುಂಡಿ ಎಲ್ಲಿ ಎಂದು ಅವಳು ಅಂದು ಕೇಳಿದಾಗ ಕೈಗೆ ಸಿಕ್ಕ ಮೂಲೆ ತೋರಿಸಿ, ಮಾತು ಗಟ್ಟಿಯಾಗಿರಲಿ ಎಂದು ನೀರಿನ ಮಾತೂ ಸೇರಿಸಿದ್ದೆ. ಸುಳ್ಳಿಗೆ ಒಂದು ಕೆಲಸ ಕೊಟ್ಟರೆ ಜನ ಬೇಗ ನಂಬುತ್ತಾರೆ. ಹನ್ನೆರಡು ವರ್ಷ, ನನ್ನ ಹೆಸರು ಆ ಮನೆಯಲ್ಲಿ ಬೇಡವಾದ ನಾಲ್ಕು ವರ್ಷವೂ ಸೇರಿ, ಅವಳು ಏನೂ ಇಲ್ಲದ ಜಾಗಕ್ಕೆ ನೀರು ಹೊತ್ತಿದ್ದಳು.

ಆಗಲೂ ನನ್ನ ಬಾಯಿ ತನ್ನ ದಾರಿಯನ್ನೇ ಹಿಡಿಯಿತು. ಇಬ್ಬರನ್ನೂ ಜಗುಲಿಗೆ ಕರೆದು, ಫ್ರಿಜ್ಜಿನ ಕಥೆ, ಪ್ಲಾಸ್ಟಿಕ್ ಪೈಪಿನ ಕಥೆ ಎಲ್ಲ ಬಿಡಿಸಿ ಹೇಳಿದೆ. ನಡುಹಗಲು ಕರೆಂಟ್ ಹೋಗುವುದರಿಂದ ಹಸು ಕುಡಿಯುತ್ತದೆ, ಪೂಜೆಯಿಂದಲ್ಲ ಎಂದೆ. ಹಸುವನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ ಎಂದೆ. ಕೊನೆಗೆ, "ಅರ್ತಿನ ತಾಮ್ರದ ಹಲಗೆ ಕೊಳೆತು ಹೋಗೈತೆ. ಹೊಸ ಗುಂಡಿ ತೋಡ್ಬೇಕು" ಎಂದೆ. ಎಲ್ಲ ಅಂಗಡಿಯವರೂ ಹೇಳುವ ಮಾತು. ಯಾರೂ ಅಗೆದು ನೋಡುವುದಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಬಂದಾಗಿನಿಂದ ಮೊದಲ ಸಲ ಕನ್ನಡದಲ್ಲಿ ಕೇಳಿದಳು:

"ನಾನು ಜಾಸ್ತಿ ನೀರು ಹೊಯ್ದ್ಬಿಟ್ನೇನೋ ತಮ್ಮ? ಅದ್ಕೇ ಕೊಳೀತಾ?"

ನಾಲ್ಕು ವರ್ಷದಿಂದ ಆ ಭಾಷೆಯಲ್ಲಿ ಅಕ್ಕ ನನಗೊಂದು ಮಾತು ಹೇಳಲಿ ಎಂದು ಕಾದಿದ್ದೆ. ಬಂದ ಮಾತು ಇದು. ಹೂಂ ಅಂದಿದ್ದರೆ ಮುಗಿದಿತ್ತು. ತಪ್ಪು ಅವಳದಾಗುತ್ತಿತ್ತು, ಬಹುಶಃ ಒಳಗೆ ಕರೆದು ಎಲೆಯನ್ನೂ ಹಾಕುತ್ತಿದ್ದಳು. ನನ್ನ ಕೈಯಲ್ಲಿ ಇಕ್ಕಳ ಇತ್ತು. ಅದನ್ನು ತೆರೆದು ಮುಚ್ಚಿ ಮಾಡುತ್ತ ಹೇಳಿದೆ: "ಅಲ್ಲಿ ಹಲಗೆ ಇಲ್ಲೆ ಅಕ್ಕ. ಯಾವತ್ತೂ ಇರ್ಲಿಲ್ಲೆ. ನಾನು ಗುಂಡೀನೇ ತೋಡ್ಲಿಲ್ಲೆ."

ಮೊದಲು ನಕ್ಕದ್ದು ಬಾವ. "ಅಡ ಪಾಪಿ ಮಚ್ಚಾನ್! ನಾನು ಜಗ್ಗಿದಷ್ಟೂ ನೀನು ಇಳ್ದಾಗ್ಲೇ ಅಂದ್ಕೊಂಡೆ, ಎಲ್ಲೋ ಒಂದ್ ಕಡೆ ಕೈ ಹಾಕಾನೆ ಅಂತ. ಸ್ವಿಚ್ಚು ಕಳಪೆ ಇರ್ಬೋದು ಅಂತ ಹನ್ನೆರಡು ವರ್ಷ ಸ್ವಿಚ್ಚೇ ನೋಡ್ತಿದ್ದೆ. ಭೂಮೀನೇ ನುಂಗಿದ್ದೀಯಲ್ಲೋ!"

ಅಕ್ಕ ನಗಲಿಲ್ಲ. ಹಿತ್ತಲ ಕಡೆಗೆ ನೋಡಿದಳು. ಆಮೇಲೆ, "ನಿನ್ ತಪ್ಪಿಗೆ ಒಂದ್ ತಿಂಗ್ಳು ಸಾಮಿ ಮ್ಯಾಲೆ ಮಾತು ಹೊರ್ಸಿದ್ವಿ. ಹಸೂನೇ ಕಳ್ಸೋಕ್ಕಿದ್ದೆ" ಅಂದಳು. ಏಳುತ್ತ, "ಇನ್ನೆಷ್ಟು ಮನೇಗೆ ಹಿಂಗ್ ಮಾಡಿದ್ದೀ?" ಎಂದು ಕೇಳಿದಳು.

ಮನಸ್ಸಿನಲ್ಲಿ ಎಣಿಸಿದೆ. "ಮೂರು" ಅಂದೆ.

"ಅಲ್ಲೂ ಯಾರಾದ್ರೂ ಬರೀ ನೆಲಕ್ಕೆ ನೀರು ಹೊಯ್ತಿರ್ಬೇಕು" ಅಂದಳು. "ಹೋಗಿ ಅದ್ನೆಲ್ಲ ಸರಿ ಮಾಡು. ಆಮೇಲೆ ಉಣ್ಣೋಕೆ ಬಾ."

ಆ ಮಧ್ಯಾಹ್ನ ನನಗೆ ಎಲೆ ಹಾಕಲಿಲ್ಲ. ಮಾರನೆಯ ದಿನ ಅಂಗಡಿಯಿಂದ ತಾಮ್ರದ ಹಲಗೆ, ಇದ್ದಿಲಿನ ಮೂಟೆ, ಉಪ್ಪು ಎಲ್ಲ ತಂದು, ಆಳು ಇಡದೆ ನಾನೇ ಹಾರೆ ಹಿಡಿದೆ. ಅವಳು ಜಗುಲಿಯ ಕಂಬಕ್ಕೊರಗಿ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಹಲಗೆ ಇಳಿಸುವ ಮುಂಚೆ ಎದ್ದುಬಂದು ಕೈಯಿಂದ ಮುಟ್ಟಿ, ಬೆರಳಿಂದ ತಟ್ಟಿ, ತಾಮ್ರವೇ ಎಂದು ಖಾತ್ರಿ ಮಾಡಿಕೊಂಡಳು. ಸರಿಯಾಗಿಯೇ ಮಾಡಿದಳು. ನೀವೂ ಹಾಗೆ ಮಾಡಿ. ಮಣ್ಣಿನೊಳಗೆ, ಗೋಡೆಯೊಳಗೆ ಹೋಗುವ ಸಾಮಾನನ್ನು ಮುಚ್ಚುವ ಮುನ್ನ ಕಣ್ಣಾರೆ ನೋಡಿ. ಕೆಲಸದವನು ತಮ್ಮನೇ ಆದರೂ ನೋಡಿ. ಸಂಜೆ ಫ್ರಿಜ್ಜು ಓಡುತ್ತಿರುವಾಗಲೇ ಹಸು ತೊಟ್ಟಿಗೆ ಬಾಯಿಟ್ಟು ಕುಡಿಯಿತು. ಅಕ್ಕ ಅದರ ಗಂಗೆದೊಗಲು ಸವರುತ್ತ ಏನೇನೋ ಹೇಳುತ್ತಿದ್ದಳು, ನಮ್ಮ ಭಾಷೆಯಲ್ಲಿ. ನಾನು ಹಾರೆ ತೊಳೆಯುತ್ತ ಕೇಳಿಸಿಕೊಂಡೆ.

ಉಳಿದ ಮೂರು ಮನೆ ಮುಗಿಸಲು ಎರಡು ತಿಂಗಳು ಹಿಡಿಯಿತು. ಒಂದು ಬೋಡಿಯಲ್ಲೇ, ಎರಡು ತೇವಾರಂನಲ್ಲಿ. ಬೋಡಿಯವರು, ಇವನು ಕೇಳದೆ ಬಂದು ಬಿಟ್ಟಿ ಕೆಲಸ ಮಾಡುತ್ತಾನೆ, ಏನೋ ಹೂಟ ಇರಬೇಕು ಎಂದು ಬಾಗಿಲಲ್ಲೇ ತಡೆದರು. ನಿಜ ಹೇಳಿದ ಮೇಲೆ ಬೈದು ಒಳಗೆ ಬಿಟ್ಟರು. ತೇವಾರಂನ ಒಂದು ಮನೆಯವರು ಇನ್ನು ಮೇಲೆ ನಿನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದರು, ಹತ್ತಲೂ ಇಲ್ಲ. ನೀರು ಯಾರೂ ಹೊಯ್ಯುತ್ತಿರಲಿಲ್ಲ. ನಾನು ಹೇಳಿದ್ದನ್ನು ಎಲ್ಲರೂ ಆ ವಾರವೇ ಮರೆತಿದ್ದರು. ನೆನಪಿಟ್ಟುಕೊಂಡವಳು ಒಬ್ಬಳೇ.

ಮುಗಿಸಿ ಹನುಮಂತನಪಟ್ಟಿಗೆ ಹೋದೆ. ಮಗಳು ಹೆರಿಗೆಗೆ ಬಂದಿದ್ದಳು. ಹೊಟ್ಟೆ ಹಿಡಿದು ಬಾಗಿಲಿಗೆ ಬಂದವಳು, "ಮಾಮ" ಎಂದು ಅರ್ಧ ಕರೆದು, ಅಮ್ಮನ ಮುಖ ನೋಡಿ ಒಳಗೆ ಸರಿದಳು. ಕೊಟ್ಟಿಗೆಯಲ್ಲಿ ಹಸುವಿತ್ತು, ಕರು ಇರಲಿಲ್ಲ. ಹರಕೆ ಸಲ್ಲಿಸಿದ್ದಾಯಿತೆಂದು ಬಾವ ಹೇಳಿದರು. ಕರುವಿಲ್ಲದೆಯೂ ಹಸು ಅಕ್ಕನ ಕೈಗೆ ಹಾಲಿಳಿಸುತ್ತಿತ್ತಂತೆ.

ಅಡಿಗೆಮನೆಯಲ್ಲಿ, ಒಲೆಯ ಪಕ್ಕ, ಎಲೆ ಹಾಕಿದಳು. ಅನ್ನ, ಹುರುಳಿ ಸಾರು, ಕಡೆಗೆ ಗಟ್ಟಿ ಮೊಸರು. ಬಡಿಸುವಾಗ ಸಾಕೋ ಬೇಕೋ ಎಂದು ಕೇಳಲಿಲ್ಲ, ನೋಡಿ ನೋಡಿ ಹಾಕಿದಳು. ನಾನು ತಲೆ ಎತ್ತದೆ ಉಂಡೆ. ಹೇಳಲು ಬೇಕಾದಷ್ಟಿತ್ತು, ಮದುವೆಗೆ ಬಾರದ್ದಕ್ಕೆ, ಸೀರೆ ಕಳಿಸಿದ್ದಕ್ಕೆ, ಎರಡು ವರ್ಷ ತಡೆ ಅಂದದ್ದಕ್ಕೆ. ಅದಕ್ಕೆಲ್ಲ ಯಾವ ಗೋಡೆ ಒಡೆಯಬೇಕು, ಎಲ್ಲಿ ಅಗೆಯಬೇಕು ಎಂದು ತಿಳಿಯಲಿಲ್ಲ.

ಬಸ್ಸಿನವರೆಗೆ ಬಾವ ಬಂದರು.

"ಮಗು ಹುಟ್ಟಿ ತೊಟ್ಟಿಲಿಗೆ ಹಾಕುವಾಗ ಬಾ ಮಚ್ಚಾನ್" ಅಂದರು.

"ಇದು ಅಕ್ಕನ ಮಾತಾ, ನಿಮ್ದಾ?"

ಬಾವ ತಲೆ ಕೆರೆದುಕೊಂಡರು. "ನಿನ್ನೆ ರಾತ್ರಿ ಅವ್ಳ ಮುಂದೆ ಹೇಳ್ದೆ, ಕರೀತೀನಿ ಅಂತ."

"ಏನಂದ್ಲು?"

"ಒಂದೂ ಹೇಳ್ಲಿಲ್ಲೆ. ಬ್ಯಾಡಾ ಅಂತಾನೂ ಹೇಳ್ಲಿಲ್ಲೆ."

ಇನ್ನೂ ಸ್ವಲ್ಪ ಜಗ್ಗಿದರೆ ಒಂದು ಹೂಂ ಸಿಕ್ಕೀತು ಎಂದು ಆಸೆಯಾಯಿತು. ಬಸ್ಸು ಬಂತು. ಸಿಕ್ಕಷ್ಟಕ್ಕೆ ಒಪ್ಪಿ ಹತ್ತಿದೆ.